ಕೈ ಉರಿ ಇಳಿಯುವ ತನಕ

ಕ್ರೈಸ್ತರು ಪ್ರಾರ್ಥನೆಗೆ ಕೂತಾಗ ಕೈ ಜೋಡಿಸುತ್ತಾರೆ, ಇಲ್ಲವೇ ಬೆರಳಿಗೆ ಬೆರಳು ಹೆಣೆದು ತಲೆ ಬಾಗಿಸುತ್ತಾರೆ. ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಎರಡನ್ನೂ ಮಾಡುತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಅಂಗೈಗಳನ್ನು ಮೇಲೆ ಮಾಡಿ ಮೊಣಕಾಲ ಮೇಲೆ ಇಟ್ಟುಕೊಂಡು, ಬೆರಳಿಗೆ ಬೆರಳು ತಾಗದ ಹಾಗೆ ಅಗಲಿಸಿ ಕಣ್ಣು ಮುಚ್ಚುತ್ತಿದ್ದರು. ಅಂಗೈ ತುಂಬ ಶೇಂಗಾ ಎಣ್ಣೆ ಮಿರುಗುತ್ತಿತ್ತು.

ಒಮ್ಮೆ ಅವರ ಚರ್ಚಿನ ಸಭೆಗೆ ಹೊಸದಾಗಿ ಬಂದ ಪಾದ್ರಿ, ಅಂದರೆ ಸಭಾಪಾಲಕರು, ಮನೆ ಮನೆಗೆ ಭೇಟಿ ಕೊಡುತ್ತ ಇವರ ಮನೆಗೂ ಬಂದರು. ಅಕ್ಕ ಕೂತಿದ್ದ ರೀತಿ ನೋಡಿ ಅವರಿಗೆ ಮೈ ಜುಮ್ಮೆಂದಿರಬೇಕು. ಪ್ರಾರ್ಥನೆ ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಮೆಲ್ಲಗೆ ಕೇಳಿದರು: “ಅಮ್ಮಾ, ಹೀಗೆ ಕೈ ತೆರೆದು ತಮ್ಮನ್ನು ಪೂರ್ತಿ ಒಪ್ಪಿಸಿಕೊಳ್ಳುವುದನ್ನು ಎಲ್ಲಿ ಕಲಿತಿರಿ?”

“ಗೋದಾಮಿನ್ಯಾಗ್ರೀ ಅಯ್ನೋರ,” ಎಂದರು ಅಕ್ಕ. “ಮೆಣಸಿನಕಾಯಿ ಕೈರೀ ಇವು. ಜೋಡಿಸಿದ್ರ ಭಾಳ ಉರೀತಾವು.”

ಪಾಲಕರು ಒಳ್ಳೆಯವರು. ಮುಂದಿನ ಭಾನುವಾರ ಇದನ್ನು ತಾವೇ ಸಭೆಯಲ್ಲಿ ಹೇಳಿ ನಕ್ಕರಂತೆ. ಅಕ್ಕನಿಗೆ ಮಾತ್ರ ಅದರಲ್ಲಿ ನಗುವಂಥದ್ದೇನಿದೆ ಎಂಬುದು ಕೊನೆಯ ತನಕ ತಿಳಿಯಲಿಲ್ಲ.

ಈ ಸಲದ ಸುಗ್ಗಿಯಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, “ನನ್ನ ಹೆಸರ ಎದಕ ಬರದ್ರಿ ಅಕ್ಕೋರ, ನಾ ಏನ ಕಳುವು ಮಾಡೇನೇನು?” ಎಂದು ಕೇಳುವ ಹೆಂಗಸು ಅದು. ನಾನು ಕಾಗಿನೆಲೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕೋರ ಎನ್ನುತ್ತಿದ್ದರು. ನಮ್ಮ ಅಮ್ಮಿ ಇದನ್ನು ಕೇಳಿ ಕೇಳಿ, “ಇಬ್ಬರೂ ಅಕ್ಕಗೋಳಾದ್ರ ತಂಗಿ ಯಾರು?” ಎಂದು ಕಾಡುತ್ತಿದ್ದಳು.

ಅಕ್ಕನ ಕೆಲಸ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ನಮ್ಮೂರಿನಲ್ಲಿ ಆ ಕೆಲಸಕ್ಕೆ ಹೋಗುವ ಹೆಂಗಸರು ಎಷ್ಟೆಂದು ಕೇಳಿದರೆ, ಹೋಗದವರನ್ನು ಎಣಿಸುವುದು ಸುಲಭ ಎನ್ನಬೇಕು. ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಂಪು ರಾಶಿಯ ಸುತ್ತ ಕೂತರೆ ಬೆಳಗಿನಿಂದ ಸಂಜೆಯ ತನಕ ಬೆರಳು ನಿಲ್ಲುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಮಾತು ಲೋಕಕ್ಕೆಲ್ಲ ಗೊತ್ತು. ಅದು ತಿನ್ನುವವರ ಮಾತು. ಬಿಡಿಸುವವರ ಕೈಯನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಅಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠ ಒಂದೇ: ಏನೇ ಆಗಲಿ ಆ ಕೈಯಿಂದ ಕಣ್ಣು ಮುಟ್ಟಬಾರದು. ಕಣ್ಣಲ್ಲಿ ನೀರು ಬಂದರೆ ರಟ್ಟೆಗೆ ಒರೆಸಿಕೊಳ್ಳಬೇಕು, ಇಲ್ಲವೇ ಈಗಷ್ಟೇ ಒಳಗೆ ಬಂದ, ಇನ್ನೂ ಕಾಯಿ ಮುಟ್ಟದ ಯಾರನ್ನಾದರೂ ಕರೆದು, “ಯವ್ವಾ, ಸ್ವಲ್ಪ ಕಣ್ಣ ಒರಸು,” ಎನ್ನಬೇಕು.

ಮನೆಗೆ ಬಂದು ಸೋಪು ಹಚ್ಚಿ ತೊಳೆದರೂ ಆ ಉರಿ ಹೋಗುವುದಿಲ್ಲ. ಎಣ್ಣೆ ಹಚ್ಚಿಕೊಂಡು ಅರ್ಧ ಗಂಟೆ ಸುಮ್ಮನೆ ಕೂರಬೇಕು. ಆ ಅರ್ಧ ಗಂಟೆ ಹಿಟ್ಟು ನಾದುವಂತಿಲ್ಲ, ಪಾತ್ರೆ ಮುಟ್ಟುವಂತಿಲ್ಲ, ಗಂಡನ ಮೈ ಮುಟ್ಟಿ ಎಬ್ಬಿಸಿ ಕೂರಿಸುವಂತಿಲ್ಲ. “ಆ ಹೊತ್ತಿನ್ಯಾಗ ಬ್ಯಾರೆ ಏನ ಮಾಡಾಕ ಬರತೈತ್ರಿ? ಪ್ರಾರ್ಥನಾ ಒಂದ ಮಾಡಬಹುದು,” ಎನ್ನುತ್ತಿದ್ದರು. ಹೀಗಾಗಿ ಅವರ ಪ್ರಾರ್ಥನೆಯ ಹೊತ್ತನ್ನು ಗೊತ್ತು ಮಾಡಿದ್ದು ಚರ್ಚಿನ ಗಂಟೆಯಲ್ಲ, ಕೈಯ ಉರಿ.

ಕಾಗಿನೆಲೆಯ ಬಸ್ಸಿಳಿದು ನಾನು ಮನೆ ಸೇರುವುದೂ ಅದೇ ಹೊತ್ತಿಗೆ. ನಮ್ಮ ಎರಡೂ ಮನೆಗಳಿಗೆ ಹಿತ್ತಲು ಒಂದೇ, ನಡುವೆ ಮೊಣಕಾಲೆತ್ತರದ ಗೋಡೆ. ಚಹಾದ ಲೋಟ ಹಿಡಿದು ಹಿತ್ತಲಿಗೆ ಬಂದರೆ ಐದೂ ಹತ್ತಕ್ಕೆ ಅವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕೇಳಬಾರದೆಂದರೂ ಕೇಳಿಸುತ್ತಿತ್ತು. ಉದ್ದನೆಯ ಪ್ರಾರ್ಥನೆ ಅವರಿಗೆ ಬರುತ್ತಿರಲಿಲ್ಲ. ಒಂದಿಷ್ಟು ಹೊತ್ತು ಸುಮ್ಮನಿದ್ದು, ಕೊನೆಗೆ ದಿನವೂ ಒಂದೇ ಮಾತು:

“ಅಪ್ಪಾ, ಇವ್ರ ಬಾಯಿಗೆ ಒಂದ ಮಾತು ಕೊಡು. ಒಂದ ಸಾಕು.”

‘ಇವ್ರು’ ಎಂದರೆ ಅವರ ಗಂಡ, ನನಗೆ ಅಣ್ಣನವರು. ಗೌಂಡಿ ಕೆಲಸದವರು. ನಮ್ಮ ಓಣಿಯ ಅರ್ಧ ಗೋಡೆಗಳು ಅವರು ಕಟ್ಟಿದವೇ. ಹಾಡಿಕೊಂಡೇ ಕಟ್ಟುತ್ತಿದ್ದರು. ಸಭೆಯಲ್ಲಿ ಹಾಡು ಎತ್ತಿಕೊಡುವವರೂ ಅವರೇ. ಅವರ ದನಿ ಎಂಥದ್ದೆಂದರೆ, ಕ್ರಿಸ್‌ಮಸ್ ಮುಂದೆ ಹಾಡುತ್ತ ಓಣಿ ಸುತ್ತುವಾಗ ನಮ್ಮ ಅಮ್ಮಿ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದಳು. ಒಂದು ದಿನ ಕಟ್ಟುತ್ತಿದ್ದ ಗೋಡೆಯ ಬುಡದಲ್ಲೇ ಕುಸಿದರು. ಲಕ್ವಾ. ಬಲಗೈ, ಬಲಗಾಲು ಹೋದವು, ಜೊತೆಗೆ ಮಾತು ಹೋಯಿತು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ನಗು ಬರುತ್ತಿತ್ತು, ಅಳು ಇನ್ನೂ ಬೇಗ ಬರುತ್ತಿತ್ತು. ಬಾಯಿಂದ ಮಾತ್ರ ‘ಹ್ಞೂಂ’ ಎಂಬ ಒಂದು ಸದ್ದು ಬಿಟ್ಟರೆ ಏನೂ ಹೊರಡುತ್ತಿರಲಿಲ್ಲ. ಅಕ್ಕ ಗೋದಾಮಿಗೆ ಹೋದಾಗ ಅಮ್ಮಿಯೇ ಆಗಾಗ ಹೋಗಿ ನೋಡಿ ಚಹಾ ಕೊಟ್ಟು ಬರುತ್ತಿದ್ದಳು. ಒಬ್ಬಳೇ ಮಗಳು ರಾಣೆಬೆನ್ನೂರಿನ ಹತ್ತಿರ ಹಲಗೇರಿಗೆ ಮದುವೆಯಾಗಿ ಹೋಗಿದ್ದಳು. ಬೀಜದ ಹೊಲಗಳಲ್ಲಿ ದುಡಿಯುವವಳು. ಬಂದರೆ ಭಾನುವಾರ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಭಾನುವಾರ ಗೋದಾಮಿಗೆ ರಜೆ, ಅಂದು ಎಣ್ಣೆಯೂ ಇಲ್ಲ, ಕಟ್ಟೆಯೂ ಇಲ್ಲ. ಅಂದಿನ ಪ್ರಾರ್ಥನೆ ಸಭೆಯಲ್ಲಿ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ನಮಾಜು ಬಿಟ್ಟು ಬಹಳ ವರ್ಷಗಳಾಗಿದ್ದವು. ನನ್ನ ಪಾಲಿನದನ್ನೂ ಸೇರಿಸಿ ಅಮ್ಮಿ ಮಾಡುತ್ತಾಳೆ ಎಂಬ ಧೈರ್ಯ. ಕೊಟ್ಟ ಲೆಕ್ಕಕ್ಕೆ ಉತ್ತರ ಬರದಿದ್ದರೆ ಲೆಕ್ಕವೇ ತಪ್ಪಿರಬೇಕು ಎನ್ನುವ ಜಾತಿ ನನ್ನದು. ಅಮ್ಮಿ ಮಾತ್ರ ಅಕ್ಕನ ತೆರೆದ ಕೈಗಳನ್ನು ನೋಡಿದ ಮೊದಲ ದಿನವೇ ತೀರ್ಮಾನಿಸಿದ್ದಳು: “ನೋಡ, ಆಕಿ ನಮ್ಮಂಗ ದುವಾ ಮಾಡಾಕತ್ತಾಳ.” ಹಾವೇರಿಯ ಆಸ್ಪತ್ರೆಯಲ್ಲಿ ತನ್ನ ಕಣ್ಣಿನ ಪೊರೆ ತೆಗೆಸುವ ಮುನ್ನ ಅಕ್ಕನನ್ನು ಕರೆದು ಕೇಳಿದಳು, “ನಿಮ್ಮ ದೇವ್ರಿಗೆ ನನ್ನ ಹೆಸರ ಹೇಳೀರೇನು?”

“ಹೇಳೇನ್ರಿ ಅಮ್ಮಾರ. ಗಿರಣಿ ಹಿಂದಿನ ಓಣಿ, ಮೂರನೇ ಮನಿ ಅಂತ ಪತ್ತೆನೂ ಹೇಳೇನಿ. ತಪ್ಪಿ ಮತ್ತೊಬ್ಬರ ಕಣ್ಣಿಗೆ ಹೋಗಬಾರದಲ್ರಿ.”

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಎರಡು ವರ್ಷ ಅದೇ ಮಾತು ಕೇಳಿ ನನಗೇ ಬೇಸರ ಬಂದಿತ್ತು, ದೇವರಿಗೆ ಬಾರದಿದ್ದೀತೇ? “ಅಕ್ಕಾ, ದಿನಾ ಅದನ್ನ ಹೇಳತೀರಲ್ಲ, ಮೊದಲನೇ ದಿನಾ ಕೇಳಸಿಲ್ಲೇನು ಅವಂಗ?” ಎಂದೆ. ಮಾತು ತುಸು ಒರಟಾಯಿತೆಂದು ಆಡಿದ ಮೇಲೆ ಅನಿಸಿತು.

ಅವರು ಕೈ ಅಲುಗಿಸದೆ ನನ್ನ ಕಡೆ ತಿರುಗಿ ನೋಡಿದರು. “ನೀವು ಹುಡುಗೂರ ಕಡಿಂದ ಮಗ್ಗಿ ದಿನಾ ಅನಿಸ್ತೀರಲ್ಲ, ನಿಮಗ ಬರೂದಿಲ್ಲಂತ ಅನಿಸ್ತೀರೇನು?”

ಇಪ್ಪತ್ತೆಂಟು ವರ್ಷ ಮಗ್ಗಿ ಹೇಳಿಸಿದವಳು ನಾನು. ಚಹಾ ಮುಗಿಸಿ ಒಳಗೆ ಹೋದೆ. ಅವರ ಇನ್ನೊಂದು ಮಾತೂ ಇತ್ತು, “ದೇವ್ರು ಕಿವುಡ ಅಲ್ರಿ, ನಾ ಮರಗುಳಿ.”

ಹಾಗಂತ ಅವರನ್ನು ಸದಾ ಶಾಂತವಾಗಿರುವ ಸಂತಳೆಂದು ತಿಳಿಯಬೇಡಿ. ಸಿಟ್ಟು ಬಂದರೆ ದೇವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಹಾವೇರಿಗೆ ಗಂಡನನ್ನು ಮಾತು ಕಲಿಸುವ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಇನ್ನು ಬಂದು ಉಪಯೋಗವಿಲ್ಲ ಎಂದು ಅವರು ಹೇಳಿ ಕಳಿಸಿದ ಮರುದಿನ, ಎಣ್ಣೆ ಹಚ್ಚಿಕೊಂಡು ಕೂತು, “ಇವತ್ತ ನಾ ನಿನ್ನ ಕೂಡ ಮಾತಾಡೂದಿಲ್ಲ,” ಎಂದರು. ಅರ್ಧ ಗಂಟೆ ಬಾಯಿ ಬಿಗಿದುಕೊಂಡೇ ಕೂತಿದ್ದರು. ಮಾತಾಡುವುದಿಲ್ಲ ಎಂದ ಮೇಲೆ ಕೂರುವುದೇಕೆ ಎಂದು ನಾನು ಕೆಣಕಿದೆ. “ಮಾತಾಡೂದಿಲ್ಲ ಅಂತ ಅವಗ ತಿಳಿಬೇಕಂದ್ರ ಎದುರಿಗೆ ಕುಂದ್ರಬೇಕಲ್ರಿ,” ಎಂದರು. ಗಂಡ ಹೆಂಡತಿ ಜಗಳವಾಡಿದ ಮನೆಯಲ್ಲಿ ಮುನಿಸು ಕಾಣಲೆಂದೇ ಎದುರಿಗೆ ಓಡಾಡುತ್ತಾರಲ್ಲ, ಹಾಗೆ.

ರಾಣೆಬೆನ್ನೂರಿನ ಒಂದು ಮೈದಾನದಲ್ಲಿ ಯಾರೋ ದೊಡ್ಡ ಪ್ರಾರ್ಥನಾಕೂಟ ಮಾಡಿದ್ದರು. ಕುಂಟರು ನಡೆಯುತ್ತಾರೆ, ಮೂಕರು ಮಾತಾಡುತ್ತಾರೆ ಎಂದು ಸುದ್ದಿ. ಅಕ್ಕ ಗಂಡನನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಹೋದರು. ವೇದಿಕೆಯ ಮೇಲೆ ಅವರ ಬಾಯಿಗೆ ಮೈಕು ಹಿಡಿದರಂತೆ. ‘ಹ್ಞೂಂ’ ಎಂದು ಅವರು ಅತ್ತರಂತೆ. ಮನೆಯವರ ನಂಬಿಕೆ ಸಾಲದು ಎಂದು ಪಕ್ಕಕ್ಕೆ ಸರಿಸಿ ಮುಂದಿನವರನ್ನು ಕರೆದರಂತೆ. ನನಗೆ ಕೇಳಿಯೇ ರಕ್ತ ಕುದಿಯಿತು. ಅಕ್ಕ ಮಾತ್ರ ಮರುದಿನ ಎಂದಿನಂತೆ ಎಣ್ಣೆ ಹಚ್ಚಿಕೊಳ್ಳುತ್ತ, “ಅಲ್ಲೆ ಭಾಳ ಗದ್ಲ ಇತ್ತರಿ ಅಕ್ಕೋರ. ಇವ್ರು ಖರೇನ ಮಾತಾಡಿದ್ರೂ ಯಾರಿಗೂ ಕೇಳಸ್ತಿದ್ದಿಲ್ಲ,” ಎಂದರು. ನಂಬಿಕೆ ಸಾಲದು ಎಂಬ ಮಾತು ಅವರಿಗೆ ಎಲ್ಲಿ ನಾಟಿತ್ತೋ, ನನಗೆ ತೋರಿಸಲಿಲ್ಲ.

ಈಗ ಆ ದಿನದ ಸಂಗತಿ ಹೇಳಬೇಕು. ಲಕ್ವಾ ಹೊಡೆದು ನಾಲ್ಕು ವರ್ಷವಾಗಿತ್ತು. ಡಿಸೆಂಬರ್. ಆ ವಾರ ಗೋದಾಮಿಗೆ ಆಂಧ್ರದ ಕಡೆಯ ಕಾಯಿ ಬಂದಿತ್ತು. ಅದರ ಖಾರದ ಮುಂದೆ ನಮ್ಮೂರ ಕಾಯಿ ಬೆಲ್ಲ. ಅಂದು ಸಂಜೆ ಸಭೆಯ ಹುಡುಗ ಹುಡುಗಿಯರು ಪಕ್ಕದ ಓಣಿಯ ಒಂದು ಮನೆಯಲ್ಲಿ ಹಬ್ಬದ ಹಾಡು ಕಲಿಯುತ್ತಿದ್ದರು. ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಿದ್ದರು, ಎತ್ತಿಕೊಡುವವರಿಲ್ಲ. ಹಿತ್ತಲ ಕಟ್ಟೆಯ ಮೇಲೆ ಅಣ್ಣನವರು ಒಬ್ಬರೇ ಕೂತು ಅದನ್ನು ಕೇಳುತ್ತ ಅಳುತ್ತಿದ್ದರು. ನಾನು ಚಹಾ ಹಿಡಿದು ಆಗಷ್ಟೇ ಹೊರಗೆ ಬಂದಿದ್ದೆ. ಅಕ್ಕ ಗೋದಾಮಿನಿಂದ ಬಂದರು. ಚಪ್ಪಲಿ ಬಿಡಲೂ ಇಲ್ಲ. “ಯಾಕ್ರಿ, ಯಾಕ ಅಳತೀರಿ, ಏನಾತು?” ಎನ್ನುತ್ತ ಓಡಿಬಂದವರೇ ಎರಡೂ ಕೈಯಿಂದ ಅವರ ಕಣ್ಣು ಒರೆಸಿಬಿಟ್ಟರು.

ಅಷ್ಟು ವರ್ಷ ತಮ್ಮ ಕಣ್ಣನ್ನು ಒಮ್ಮೆಯೂ ಮುಟ್ಟಿಕೊಳ್ಳದ ಹೆಂಗಸು.

ಅಣ್ಣನವರು, “ಅವ್ವಾ!” ಎಂದು ಚೀರಿದರು. ಸ್ಪಷ್ಟವಾಗಿ. ಓಣಿಗೆ ಕೇಳುವಂತೆ. ಹಾಡುತ್ತಿದ್ದವರೂ ನಿಲ್ಲಿಸಿದರು.

ಗೋಡೆ ದಾಟಿ ಓಡಿದೆ. ಅಮ್ಮಿ ಹಾಲಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಹಾಲು, ನೀರು, ಮತ್ತೆ ಹಾಲು ಹಾಕಿ ನಾವಿಬ್ಬರೂ ಅವರ ಕಣ್ಣು ತೊಳೆಯುತ್ತಿದ್ದರೆ ಅಕ್ಕ ಎರಡು ಮಾರು ದೂರದಲ್ಲಿ ಕೈಗಳನ್ನು ಮೈಯಿಂದ ಆಚೆ ಹಿಡಿದು ನಿಂತಿದ್ದರು. ಹತ್ತಿರ ಬರುವಂತಿರಲಿಲ್ಲ. “ನೀವ ತೊಳೀರಿ ಅಕ್ಕೋರ, ನೀವ ತೊಳೀರಿ,” ಎಂಬುದೊಂದೇ ಮಾತು. ಅವರ ಕಣ್ಣಿಂದ ಇಳಿದ ನೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ಒರೆಸಬೇಕೆಂದು ನನಗೂ ಆಗ ಹೊಳೆಯಲಿಲ್ಲ.

ಉರಿ ಇಳಿದ ಮೇಲೆ ನನಗೆ ಹಿಗ್ಗು. “ಅಕ್ಕಾ, ಮಾತಾಡಿದ್ರಲ್ಲ ಅಣ್ಣಾರು. ಅವ್ವಾ ಅಂದ್ರು. ನಿಮ್ಮ ಕಿವೀಲೆ ಕೇಳಿದ್ರಿಲ್ಲ?” ಎಂದೆ. ಅಕ್ಕನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

“ಒಂದ ಸಾಕು ಅಂದಿದ್ನಿ,” ಎಂದರು. “ಒಂದ ಕೊಟ್ಟ.”

ಅವರು ಹೇಳಿದ್ದು ನಿಜವಾಯಿತು. ಮರುದಿನ, ಅದರ ಮರುದಿನ, ನಾವೆಲ್ಲ ಎಷ್ಟು ಮಾತಾಡಿಸಿದರೂ ಅಣ್ಣನವರ ಬಾಯಿಂದ ಮತ್ತೆ ಆ ‘ಹ್ಞೂಂ’ ಬಿಟ್ಟು ಬೇರೆ ಬರಲಿಲ್ಲ. ಅಕ್ಕ ಪ್ರಾರ್ಥನೆಗೆ ಕೂರುವುದನ್ನು ನಿಲ್ಲಿಸಿದರು. ಎಣ್ಣೆ ಹಚ್ಚಿಕೊಂಡು ಹಿತ್ತಲಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು, ಉರಿ ಇಳಿದ ಕೂಡಲೇ ಒಳಗೆ ಹೋಗುತ್ತಿದ್ದರು. ಭಾನುವಾರ ಸಭೆಗೂ ಹೋಗಲಿಲ್ಲ. ಹಬ್ಬ ಬಂತು, ಹೋಯಿತು. ನಾಲ್ಕು ವರ್ಷ ಬೇಸರದಿಂದ ಕೇಳಿದ ಮಾತು ಈಗ ಕೇಳಿಸದೆ ನನ್ನ ಚಹಾ ಲೋಟದಲ್ಲೇ ಆರಿಹೋಗುತ್ತಿತ್ತು. ಇದೇನು ಹುಚ್ಚು ಎಂದು ನನ್ನನ್ನು ನಾನೇ ಬೈದುಕೊಂಡೆ. ಕೊನೆಗೆ ಗೋಡೆಯ ಮೇಲೆ ಕೂತು ಅವರೊಡನೆ ವಾದಕ್ಕಿಳಿದೆ.

“ಅದು ಮಾತಲ್ಲ ಅಕ್ಕಾ, ಚೀರು. ಅದನ್ನ ಲೆಕ್ಕಕ್ಕ ಹಿಡೀಬಾರದು.”

“ಒಂದ ಸಾಕು ಅಂತ ನಾನ ಅಂದೀನ್ರಿ. ಈಗ ಮತ್ತ ಹೋಗಿ ಯಾವ ಮಾರಿಲೆ ಕೇಳ್ಲಿ? ನಿಮ್ಮ ಸಾಲ್ಯಾಗ ಒಂದ ಹುಡುಗಿ ಪೆನ್ಸಿಲ್ ಇಸಗೊಂಡು ಹೋಗಿ ಮುರಕೊಂಡು ಬಂದು, ಮತ್ತೊಂದು ಕೊಡ್ರಿ ಅಂದ್ರ ನೀವು ಕೊಡ್ತೀರೇನು?”

“ಕೊಡ್ತೇನಿ,” ಎಂದೆ. “ಬೈದು ಕೊಡ್ತೇನಿ.”

ತುಟಿ ಸ್ವಲ್ಪ ಸಡಿಲಾಯಿತು, ಅಷ್ಟೇ. ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ ನನಗೆ ಹೇಳುತ್ತಿಲ್ಲವೆಂಬ ದನಿಯಲ್ಲಿ, “ಕೊಡಾವ ಇದ್ದ, ಕೊಡ್ಲಿ. ನನ್ನ ಕೈಲೆ ಉರಿ ಹಚ್ಚಿಸಿ ಯಾಕ ಕೊಡಬೇಕಾಗಿತ್ತು?” ಎಂದರು. ನನಗೆ ಅವರ ದೇವರ ಮೇಲೆ ಸಿಟ್ಟು ಬಂತು. ನಂಬದವಳಿಗೆ ಸಿಟ್ಟೆಲ್ಲಿಂದ ಬರುತ್ತದೆ ಎಂದು ಆಮೇಲೆ ಯೋಚಿಸಿದೆ.

ಹೀಗೆ ಮೂರು ವಾರದ ಹತ್ತಿರವಾಗಿರಬೇಕು. ಒಂದು ಸಂಜೆ ಅಕ್ಕ ಬಂದು ಎಣ್ಣೆಯ ಸೀಸೆಗೆಂದು ಗೋಡೆಯ ಗೂಡಿಗೆ ಕೈ ಹಾಕಿದರೆ ಸೀಸೆ ಅಲ್ಲಿರಲಿಲ್ಲ. ಕಟ್ಟೆಯ ಮೇಲೆ ಅಣ್ಣನವರ ಮಡಿಲಲ್ಲಿತ್ತು. ಎಡಗೈಯೂರಿ, ಗೋಡೆ ಹಿಡಿದು ತೆವಳಿಕೊಂಡು ಹೋಗಿ ಇಳಿಸಿಕೊಂಡಿದ್ದರು. ಹೇಗೆ ಇಳಿಸಿದರೋ, ಎಷ್ಟು ಹೊತ್ತು ಹಿಡಿಯಿತೋ, ಮೊಣಕೈ ತರಚಿತ್ತು. ಹಲ್ಲಿನಿಂದ ಬಿರಡೆ ಕಿತ್ತರು. ‘ಹ್ಞೂಂ’ ಎಂದರು. ತಮ್ಮ ಪಕ್ಕದ ಕಟ್ಟೆಯನ್ನು ಅಂಗೈಯಿಂದ ಎರಡು ಸಲ ಬಡಿದು ತೋರಿಸಿದರು.

“ಬ್ಯಾಡ್ರಿ,” ಎಂದರು ಅಕ್ಕ.

ಮತ್ತೆ ಬಡಿದರು. ಗೋಡೆಗೆ ಇಟ್ಟಿಗೆ ಕೂರಿಸುವಾಗ ಕರಣಿಯ ಹಿಡಿಯಿಂದ ಬಡಿಯುತ್ತಿದ್ದರಲ್ಲ, ಅದೇ ಗಟ್ಟಿತನ.

ಅಕ್ಕ ಕೂತರು. ಅಣ್ಣನವರು ಅವರ ಕೈಯನ್ನು ಮುಂಗೈ ಹಿಡಿದು ಮೇಲೆ ಮಾಡಿ ಮೊಣಕಾಲ ಮೇಲೆ ಇಟ್ಟು ಎಣ್ಣೆ ಹಾಕಿದರು. ಅರ್ಧ ಎಣ್ಣೆ ಸೀರೆಯ ಪಾಲಾಯಿತು. ಇನ್ನೊಂದು ಕೈಗೂ ಹಾಕಿದರು. ಸೀಸೆ ಕೆಳಗಿಟ್ಟು, ಹೆಗಲ ಮೇಲಿನ ಟವೆಲಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಅಳು ಬಂದರೆ ಒರೆಸಲು ತಯಾರಾಗಿ ಕಾಯುತ್ತ ಕೂತರು. ಅಳು ಬಂತು. ಒರೆಸಿದರು. ಅದು ಮುಗಿದ ಮೇಲೆ, ನಾನು ಲೋಟ ಹಿಡಿದು ಕೇಳುತ್ತಿರುವಾಗ, ಅಕ್ಕನ ದನಿ ಹೊರಟಿತು:

“ಅಪ್ಪಾ, ಇವ್ರ ಬಾಯಿಗೆ ಮಾತು ಕೊಡು.”

‘ಒಂದ ಸಾಕು’ ಎಂಬುದಕ್ಕೆ ಕಾದೆ. ಅದು ಬರಲಿಲ್ಲ. ಅಂದಿನಿಂದ ಮುಂದೆಂದೂ ಬರಲಿಲ್ಲ.

ಅಲ್ಲಿಂದ ಆರು ವರ್ಷ ಇದು ನಡೆಯಿತು. ಎಣ್ಣೆ ಹಾಕುವುದು ಅಣ್ಣನವರ ಕೆಲಸ, ಟವೆಲು ಅವರ ಕೆಲಸ, ಕೇಳುವುದು ಅಕ್ಕನ ಕೆಲಸ. ಐದು ಗಂಟೆಗೇ ಅಣ್ಣನವರು ಸೀಸೆ ಇಳಿಸಿಕೊಂಡು ಸಿದ್ಧವಾಗಿರುತ್ತಿದ್ದರು. ಗೋದಾಮಿನಲ್ಲಿ ತಡವಾದರೆ ಬಾಗಿಲ ಕಡೆ ನೋಡಿ ನೋಡಿ ‘ಹ್ಞೂಂ, ಹ್ಞೂಂ’ ಎಂದು ಸಿಡುಕುತ್ತಿದ್ದರು. ಮಾತು ಬರಲಿಲ್ಲ. ಬಂತು ಎಂದು ಬರೆಯುವಂತಿದ್ದರೆ ನನಗೂ ಸಂತೋಷವಾಗುತ್ತಿತ್ತು. ಇದನ್ನೆಲ್ಲ ನೋಡಿ ನಾನು ಐದು ಹೊತ್ತಿನ ನಮಾಜಿಗೆ ಮರಳಿದೆ ಎಂದು ಬರೆದರೂ ಚೆನ್ನಾಗಿರುತ್ತಿತ್ತು, ಆದರೆ ಅದೂ ಸುಳ್ಳಾಗುತ್ತದೆ. ಅಮ್ಮಿ ಹೋದ ಮೇಲೆ ಶುಕ್ರವಾರಕ್ಕೊಮ್ಮೆ ಅವಳ ಜಾನಮಾಜು ಹಾಸಿ ಕೂರುತ್ತೇನೆ, ಅಷ್ಟೇ. ಅದರ ಒಂದು ಕಡೆ ಇನ್ನೂ ಅವಳ ಮೊಣಕಾಲಿನ ಆಕಾರಕ್ಕೆ ಸವೆದಿದೆ.

ನಾನು ನಿವೃತ್ತಳಾದ ವರ್ಷ ಒಮ್ಮೆ ಕೇಳಿದೆ, ಈ ಸಲ ಕೆಣಕುವುದಕ್ಕಲ್ಲ. “ಅಕ್ಕಾ, ಕೊಡದಿದ್ರ?”

“ಕೊಡದಿದ್ರ ಕೊಡವಲ್ನ್ಯಾಕ,” ಎಂದರು. “ಅವ್ರು ಎಣ್ಣಿ ಹಾಕತಾರ, ನಾ ಕೇಳತೇನಿ. ನಮ್ಮಿಬ್ಬರ ಕೆಲಸ ನಡದೈತಲ್ರಿ. ಅವನ ಕೆಲಸ ಅವಂಗ ಬಿಟ್ಟದ್ದು.” ಅಣ್ಣನವರು ಪಕ್ಕದಲ್ಲಿ ಬಿರಡೆ ಕಚ್ಚಿಕೊಂಡೇ ನಕ್ಕರು.

ಈ ಸಲ ಸುಗ್ಗಿ ತುಂಬಿದ ದಿನಗಳಲ್ಲಿ, ಒಂದು ಮಧ್ಯಾಹ್ನ ರಾಶಿಯ ಮುಂದೆ ಕೂತಲ್ಲೇ ಅಕ್ಕ ಪಕ್ಕದವಳ ಹೆಗಲಿಗೆ ಒರಗಿದರಂತೆ. ನಿದ್ದೆ ಬಂತೇನೋ ಎಂದು ಅವಳು ಸ್ವಲ್ಪ ಹೊತ್ತು ಅಲುಗಾಡದೆ ಕೂತಿದ್ದಳಂತೆ. ಮೈ ತೊಳೆಯುವಾಗ ನಾನೂ ಇದ್ದೆ. ಎಷ್ಟು ತೊಳೆದರೂ ಬೆರಳ ತುದಿಯ ಕೆಂಪು ಹೋಗಲಿಲ್ಲ. ಮಣ್ಣಾದ ಮೇಲೆ ಅದೇ ಸಂಜೆ ಮಗಳು ತಂದೆಯನ್ನು ಹಲಗೇರಿಗೆ ಕರೆದುಕೊಂಡು ಹೋದಳು. ಪಕ್ಕದ ಮನೆಗೆ ಬೀಗ ಬಿತ್ತು. ನಾನು ಚಹಾ ಕುಡಿಯುವುದನ್ನು ಮುಂಬಾಗಿಲಿಗೆ ಬದಲಾಯಿಸಿದೆ.

ತಿಂಗಳಾದ ಮೇಲೆ ಅಣ್ಣನವರನ್ನು ನೋಡಿ ಬರೋಣವೆಂದು ಹೊರಟೆ. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಹಲಗೇರಿ ಮುಟ್ಟುವಾಗ ನಾಲ್ಕು ದಾಟಿತ್ತು. ಮಗಳು ಹೊಲದಿಂದ ಆಗಷ್ಟೇ ಬಂದಿದ್ದಳು. ನನ್ನನ್ನು ಕಂಡು ಅಣ್ಣನವರು ಅತ್ತರು, ನಕ್ಕರು, ಮತ್ತೆ ಅತ್ತರು. ತಂದೆಯನ್ನು ಅವಳು ಚೆನ್ನಾಗಿ ನೋಡಿಕೊಂಡಿದ್ದಳು. ಗಡ್ಡ ಬೋಳಿಸಿತ್ತು, ಅಂಗಿ ಮಡಿಯಾಗಿತ್ತು. ಆದರೂ ಅವಳು ನನ್ನನ್ನು ಅಡುಗೆಮನೆಗೆ ಕರೆದು ಕಣ್ಣೀರು ಹಾಕಿದಳು.

“ದಿನಾ ಸಂಜಿಕೆ ಹಟಾ ಮಾಡತಾನ್ರಿ ಅಪ್ಪಾ. ಈ ಕಡೆ ಕೈ ಮಾಡಿ ತೋರಸ್ತಾನ. ನೀರ ಕೊಟ್ನಿ, ಗುಳಿಗಿ ಕೊಟ್ನಿ, ಚಾ ಕೊಟ್ನಿ. ಎಲ್ಲಾ ದೂಡತಾನ. ಕಟ್ಟಿ ಬಡೀತಾನ. ಏನ ಬೇಕೋ ಏನೋ, ನನಗ ತಿಳೀವಲ್ದು. ಅವ್ವಗ ತಿಳೀತಿತ್ತು.”

ಅವಳು ಹೇಳಿ ಮುಗಿಸುವುದರೊಳಗೆ ಹೊರಗಿನಿಂದ ಸದ್ದು ಬಂತು. ಎರಡು ಬಡಿತ. ಗೋಡೆಯ ಗಡಿಯಾರ ನೋಡಿದೆ, ಐದೂ ಹತ್ತು. ಅಡುಗೆಮನೆಯ ಗೂಡಿನಲ್ಲಿ ಎಣ್ಣೆಯ ಸೀಸೆ ಇತ್ತು. ತೆಗೆದುಕೊಂಡು ಹೋಗಿ ಅವರ ಮಡಿಲಲ್ಲಿಟ್ಟೆ.

ಅಣ್ಣನವರು ಸೀಸೆ ನೋಡಿದರು, ನನ್ನನ್ನು ನೋಡಿದರು. ಹಲ್ಲಿನಿಂದ ಬಿರಡೆ ಕಿತ್ತರು. ಪಕ್ಕದ ಜಾಗವನ್ನು ಬಡಿದರು. ನಾನು ಕೂತೆ. ನನ್ನ ಕೈ ಹಿಡಿದು ಮೇಲೆ ಮಾಡಿದರು. ಸೀಮೆಸುಣ್ಣ ಬಿಟ್ಟು ಏನನ್ನೂ ಹಿಡಿಯದ ಕೈ, ಒಂದು ದಿನವೂ ಉರಿಯದ ಕೈ. ಅದಕ್ಕೆ ಎಣ್ಣೆ ಹಾಕಿದರು. ಚೆಲ್ಲಲಿಲ್ಲ, ಆರು ವರ್ಷದ ರೂಢಿ. ಹಾಕಿ, ಟವೆಲಿನ ತುದಿ ಹಿಡಿದು ಕಾಯುತ್ತ ಕೂತರು.

ಕಾ‌ಯುತ್ತಿದ್ದುದು ನನ್ನ ಮಾತಿಗೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕನ ದೇವರಿಗೆ ನನ್ನ ಪರಿಚಯವಿಲ್ಲ, ಗಿರಣಿ ಹಿಂದಿನ ಓಣಿಯ ಮೂರನೇ ಮನೆ ಎಂಬ ಪತ್ತೆಯೊಂದು ಬಿಟ್ಟರೆ. ಹತ್ತು ವರ್ಷ ಗೋಡೆಯಾಚೆಯಿಂದ ಕೇಳಿ ಬಾಯಿಪಾಠವಾದದ್ದನ್ನು ಹೇಳಿದೆ. ಮಗ್ಗಿ ಹೇಳಿಸುವ ದನಿಯೇ ಬಂತು, ಅದು ಬಿಟ್ಟು ನನಗೆ ಬೇರೆ ದನಿ ಇಲ್ಲ.

“ಅಪ್ಪಾ, ಇವ್ರ ಬಾಯಿಗೆ ಮಾತು ಕೊಡು.”

ಅಣ್ಣನವರು ಕಣ್ಣು ಮುಚ್ಚಿದರು. ತುಟಿ ಅಲುಗಿತು, ಸದ್ದು ಬರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ನನ್ನ ಕೈಯಲ್ಲಿ ಖಾರವಿರಲಿಲ್ಲ, ನಾನೇ ಒರೆಸಿಕೊಳ್ಳಬಹುದಿತ್ತು. ಒರೆಸಿಕೊಳ್ಳಲಿಲ್ಲ. ಅವರು ಟವೆಲಿನಿಂದ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಒರೆಸಿದರು.

ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೇಳಿದಳು, “ಅವ್ವ ಇಷ್ಟ ಅಂತಿದ್ಲೇನ್ರಿ ಅಕ್ಕೋರ?”

“ಇಷ್ಟ,” ಎಂದೆ. “ಆದ್ರ ದಿನಾ.”

ಅವಳು ಸೆರಗು ಸಿಕ್ಕಿಸಿಕೊಂಡು ಬಂದು ತಂದೆಯ ಇನ್ನೊಂದು ಬದಿಗೆ ಕೂತು ಎರಡೂ ಕೈ ಚಾಚಿದಳು. ಅಣ್ಣನವರು ಸೀಸೆ ಎತ್ತಿಕೊಂಡರು.